ಅಕ್ಕನ ಎಪ್ಪತ್ತೆರಡು

ಎಂಟು ವರ್ಷ ನಾನು ಜಿಮ್ಮಿನ ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು ಟವೆಲ್ ಕೊಟ್ಟೆ. ಬಂದವರ ಕಾರ್ಡು ನೋಡುವುದು, ಲಾಕರಿನ ಕೀ ಕೊಡುವುದು, ಒದ್ದೆ ಟವೆಲನ್ನು ಬುಟ್ಟಿಗೆ ಹಾಕಿ ಎಂದು ದಿನಕ್ಕೆ ನೂರು ಸಲ ಹೇಳುವುದು, ಯಾರೂ ಹಾಕದಿದ್ದಾಗ ಗೊಣಗಿಕೊಂಡು ನಾನೇ ಎತ್ತಿ ಹಾಕುವುದು. ಹಾಗಾಗಿ ಅಲ್ಲಿ ನನಗೆ ಬಿದ್ದ ಹೆಸರು ಟವೆಲಕ್ಕ. ನನ್ನ ಕಣ್ಣೆದುರಿಗೇ ಎಷ್ಟೋ ಟ್ರೇನರುಗಳು ಬಂದರು, ತೋಳು ಉಬ್ಬಿಸಿಕೊಂಡು ಕನ್ನಡಿ ಮುಂದೆ ಓಡಾಡಿದರು, ಬೇರೆ ಜಿಮ್ಮಿಗೆ ಹೋದರು. ಅವರಲ್ಲಿ ಅರ್ಧ ಜನಕ್ಕೆ ತಾವು ಎತ್ತಿಸುವ ಭಾರ ಯಾವ ಸ್ನಾಯುವಿನ ಮೇಲೆ ಬೀಳುತ್ತದೆ ಅಂತಲೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಟವೆಲ್ ಮಡಚುತ್ತಾ ಕಿವಿ ತೆರೆದಿಟ್ಟುಕೊಂಡೇ ಕಲಿತಿದ್ದೆ. ಅದೊಂದು ಸೊಕ್ಕು ನನಗಿತ್ತು, ಇಲ್ಲ ಅನ್ನುವುದಿಲ್ಲ.

ಒಂದು ದಿನ ಮ್ಯಾನೇಜರ್ ಮೇಡಂ ಕರೆದು ಹೇಳಿದರು: "ಹೆಂಗಸರ ಬೆಳಗಿನ ಬ್ಯಾಚು ನಿಮಗೇ ಕೊಡ್ತೀನಿ. ಅವರೆಲ್ಲ ಹೇಗಿದ್ರೂ ನಿಮ್ಮನ್ನೇ ಕೇಳ್ತಾರೆ. ಆದ್ರೆ ಸರ್ಟಿಫಿಕೇಟ್ ಮಾಡ್ಕೊಳ್ಳಿ. ಅದಿಲ್ದೆ ಯಾರೂ ಡಂಬೆಲ್ ಮುಟ್ಟಿಸೋ ಹಾಗಿಲ್ಲ ಅಂತ ಮೇಲಿನವರ ಆರ್ಡರ್."

ನಲವತ್ತನೇ ವಯಸ್ಸಿಗೆ ಪರೀಕ್ಷೆ! ಮನೆಗೆ ಬಂದು ಹೇಳಿದಾಗ ನನ್ನ ಅಕ್ಕ ಹೊಲಿಗೆ ಮೆಷಿನ್ನಿನ ಮೇಲಿಂದ ತಲೆಯೆತ್ತಿ, ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು, "ಸೇರ್ಕೋ" ಎಂದಳು. ಅಷ್ಟೇ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಾನು ಆರು ವರ್ಷದವಳಿದ್ದಾಗ ಅಮ್ಮ ಹೋದಳು. ಅಲ್ಲಿಂದ ನನ್ನ ತಲೆ ಬಾಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಮದುವೆ ಮಾಡಿಕೊಟ್ಟಿದ್ದು, ಆ ಮದುವೆ ಮುರಿದಾಗ ಯಾರಿಗೂ ಒಂದು ಮಾತು ಆಡಲು ಬಿಡದೆ ಮಹಡಿ ಮೇಲಿನ ಕೋಣೆ ಗುಡಿಸಿ ನನ್ನ ಪೆಟ್ಟಿಗೆ ಇರಿಸಿದ್ದು ಎಲ್ಲಾ ಅವಳೇ. ಅವಳಿಗೆ ಮಕ್ಕಳಿರಲಿಲ್ಲ. ಯಾರಾದರೂ ಕೇಳಿದರೆ ನನ್ನ ಕಡೆ ಬೆರಳು ತೋರಿಸಿ, "ಇದೊಂದನ್ನ ಸಾಕಿದ್ದೇ ಸಾಕಾಗಿ ಹೋಯ್ತು" ಎನ್ನುತ್ತಿದ್ದಳು. ಭಾವ ಶಾಲಾ ಬಸ್ಸಿನ ಡ್ರೈವರು. ಹೆಚ್ಚು ಮಾತಿಲ್ಲದ ಮನುಷ್ಯ. ಅಕ್ಕ ಕೆಳಗಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಯೂನಿಫಾರ್ಮ್ ಹೊಲಿಯುತ್ತಿದ್ದಳು, ಪ್ಯಾಂಟು ಚಿಕ್ಕದು ದೊಡ್ಡದು ಮಾಡಿಕೊಡುತ್ತಿದ್ದಳು.

ಮೂರು ತಿಂಗಳ ಕೋರ್ಸು, ಶನಿವಾರ ಭಾನುವಾರ ಪಾಠ. ಕೊನೆಗೆ ಬರೆಯುವ ಪರೀಕ್ಷೆ, ಮಾಡಿ ತೋರಿಸುವ ಪರೀಕ್ಷೆ. ಇವೆರಡರ ಜೊತೆಗೆ ಒಂದು ಪುಸ್ತಕ. ಯಾರಾದರೂ ಒಬ್ಬರನ್ನು ಹಿಡಿದು ಎಂಟು ವಾರ ತರಬೇತಿ ಕೊಡಬೇಕು, ದಿನಾ ಬೆಳಿಗ್ಗೆ ಅವರು ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ ಆ ಪುಸ್ತಕದಲ್ಲಿ ಬರೆಯಬೇಕು. ಪುಸ್ತಕ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

"ನನ್ನನ್ನೇ ಬರ್ಕೋ" ಅಂದಳು ಅಕ್ಕ. "ಈ ಮೆಷಿನ್ನು ತುಳಿದೂ ತುಳಿದೂ ಸೊಂಟ ಹಿಡ್ಕೊಂಡಿದೆ. ಬಿಟ್ಟಿ ಟ್ರೇನರ್ ಯಾರಿಗುಂಟು?"

ಪುಸ್ತಕದ ಮೊದಲ ಪುಟದಲ್ಲಿ ಆರೋಗ್ಯದ ಏಳು ಪ್ರಶ್ನೆಗಳು. ಎದೆನೋವು ಬರುತ್ತದೆಯೇ, ತಲೆ ಸುತ್ತುತ್ತದೆಯೇ, ಏದುಸಿರು ಬರುತ್ತದೆಯೇ, ಹೀಗೆ. ಜಿಮ್ಮಿಗೆ ಸೇರುವವರಿಂದಲೂ ಇದೇ ಫಾರ್ಮು ತುಂಬಿಸುತ್ತೇವೆ. ಒಂದೇ ಒಂದು 'ಹೌದು' ಬಿತ್ತೆಂದರೆ ಡಾಕ್ಟರ ಚೀಟಿ ತರಬೇಕು. ಚೀಟಿ ತರಲು ಮನೆಗೆ ಹೋದವರು ವಾಪಸ್ಸು ಬರುವುದಿಲ್ಲ. ಆದ್ದರಿಂದ ನಾನು ಪೆನ್ನು ಕೈಗೆ ಕೊಡುವಾಗಲೇ, "ಎಲ್ಲಾ ಇಲ್ಲ ತಾನೇ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೆ. ಹಾಗೆ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಮೇಲಿಂದ ಕೆಳಗೆ ಒಂದು ಗೆರೆ ಎಳೆದರೆ ಏಳೂ ಪ್ರಶ್ನೆ ಮುಗಿಯಿತು. ಮ್ಯಾನೇಜರ್ ಮೇಡಂ ಈ ಕೆಲಸಕ್ಕೆ ನನ್ನನ್ನು ಹೊಗಳುತ್ತಿದ್ದರು.

ಅಕ್ಕನಿಗೂ ಹಾಗೇ ಕೇಳಿದೆ.

"ಮೆಟ್ಟಿಲು ಹತ್ತಿದ್ರೆ ಒಂಚೂರು ಉಸಿರು..." ಎಂದು ಶುರು ಮಾಡಿದಳು.

"ಅದು ಎಲ್ಲರಿಗೂ ಆಗತ್ತೆ ಅಕ್ಕ" ಎಂದು ಗೆರೆ ಎಳೆದೆ.

ನಾಡಿ ಎಣಿಸುವುದನ್ನು ಕಲಿಸಿದವರು ಕುತ್ತಿಗೆಯೇ ಇಲ್ಲದಂತೆ ಬೆಳೆದ ಒಬ್ಬ ಹಳೇ ಪೈಲ್ವಾನ್ ಮೇಷ್ಟ್ರು. "ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಮೂರು ಸಲ ಎಣಿಸಿ. ಹೊಸಬರ ಬೆರಳು ಸುಳ್ಳು ಹೇಳತ್ತೆ. ಜಾಸ್ತಿ ಒತ್ತಿದ್ರೆ ಬಡಿತ ತಪ್ಪಿಹೋಗತ್ತೆ. ಹೆಬ್ಬೆರಳು ಇಟ್ರೆ ನಿಮ್ಮ ನಾಡೀನೇ ಸೇರ್ಕೊಳ್ಳತ್ತೆ. ಮೂರೂ ಬೇರೆ ಬೇರೆ ಬಂದ್ರೆ ಸರಾಸರಿ ಹಾಕಿ. ಬೆರಳು ಪಳಗೋವರೆಗೆ ಹೀಗೇ" ಎಂದರು.

ಮೊದಲ ದಿನ ಬೆಳಿಗ್ಗೆ ಆರು ಗಂಟೆಗೆ ಅಕ್ಕನ ಮಂಚದ ಅಂಚಿಗೆ ಕೂತೆ. ಭಾವ ಕನ್ನಡಿ ಮುಂದೆ ಗಡ್ಡಕ್ಕೆ ಸೋಪು ಹಚ್ಚುತ್ತಾ, "ಡಾಕ್ಟರಮ್ಮ ಬಂದ್ರು, ಎಲ್ಲಾರೂ ನಾಲಗೆ ತೋರಿಸಿ" ಎಂದರು. ಅಕ್ಕ ನಗುತ್ತಾ ಕೈ ಚಾಚಿದಳು. ಎಣಿಸಿದೆ. ಹದಿನೇಳು. ಇನ್ನೊಮ್ಮೆ ಎಣಿಸಿದೆ. ಇಪ್ಪತ್ತಮೂರು. ಮೂರನೇ ಸಲ ಹದಿನಾಲ್ಕು. ಬೆರಳ ಕೆಳಗೆ ಅವಳ ನಾಡಿ ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಮತ್ತೆ ಓಡಿಬಂದು ಮೂರು ಬಡಿಯುತ್ತಿತ್ತು. ಅವಳೇ ಮೆಷಿನ್ನು ತುಳಿಯುವ ಹಾಗೆ, ಮೂಲೆ ಬಂದಲ್ಲಿ ನಿಂತು, ನೇರ ಬಟ್ಟೆ ಸಿಕ್ಕಾಗ ಓಡುವ ಹಾಗೆ.

"ಮಾತಾಡ್ಬೇಡ ಅಕ್ಕ, ಲೆಕ್ಕ ತಪ್ಪತ್ತೆ."

"ನಾನೆಲ್ಲಿ ಮಾತಾಡ್ದೆ?"

"ನಗಬೇಡ."

"ಅಯ್ಯೋ, ಉಸಿರಾದ್ರೂ ಆಡ್ಲಾ?"

ಮೂರನ್ನೂ ಕೂಡಿಸಿದರೆ ಐವತ್ತನಾಲ್ಕು. ಮೂರರಿಂದ ಭಾಗಿಸಿದರೆ ಹದಿನೆಂಟು. ನಾಲ್ಕರಿಂದ ಗುಣಿಸಿದರೆ ಎಪ್ಪತ್ತೆರಡು. ಪುಸ್ತಕದಲ್ಲಿ ಒಂದೇ ಸಂಖ್ಯೆಗೆ ಆಗುವಷ್ಟು ಜಾಗವಿತ್ತು. ಅಲ್ಲಿ ಎಪ್ಪತ್ತೆರಡು ಎಂದು ಬರೆದೆ. ಪಾಠದಲ್ಲಿ ಹೇಳಿದ ಆರೋಗ್ಯವಂತರ ಲೆಕ್ಕಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನಗೇ ಖುಷಿಯಾಯಿತು.

ಮಾರನೇ ದಿನವೂ ಮೂರು ಬೇರೆ. ಅದರ ಮಾರನೇ ದಿನವೂ. ಸರಾಸರಿ ಮಾತ್ರ ಎಪ್ಪತ್ತೆರಡರ ಆಸುಪಾಸಿಗೇ ಬರುತ್ತಿತ್ತು. ಜಿಮ್ಮಿನಲ್ಲಿ ಹತ್ತು ಜನರ ಕೈ ಹಿಡಿದು ನೋಡಿದೆ, ಎಲ್ಲರದೂ ಒಂದೇ ಸಮ ಬಂತು. ಮೇಷ್ಟ್ರನ್ನು ಕೇಳಿದರೆ, "ಮನೆಯವರು ಸುಮ್ನೆ ಕೂರಲ್ಲಮ್ಮ, ಹೊರಗಿನವರು ಕೂರ್ತಾರೆ. ಸರಾಸರಿ ಹಾಕಿ" ಎಂದು ಮುಂದಿನವರ ಕಡೆ ತಿರುಗಿದರು. ಸರಿ, ಅಕ್ಕನಿಗೆ ಒಂದು ಘಳಿಗೆ ಸುಮ್ಮನಿರಲು ಬರುವುದಿಲ್ಲ, ಅದಕ್ಕೇ ಹೀಗೆ ಎಂದುಕೊಂಡೆ. ಹತ್ತು ಜನರದು ಸರಿ ಬಂದು ಒಬ್ಬಳದು ಮಾತ್ರ ತಪ್ಪುತ್ತಿದ್ದರೆ ತಪ್ಪು ಬೆರಳಿನದಲ್ಲ ಎಂದು ಆರನೇ ಕ್ಲಾಸಿನ ಮಗುವಿಗೂ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ. ನನ್ನ ಕಣ್ಣು ಸರ್ಟಿಫಿಕೇಟಿನ ಮೇಲಿತ್ತು.

ನಾಲ್ಕನೇ ವಾರ ಬೈಠಕ್ ಶುರು ಮಾಡಿಸಿದೆ. ಅಕ್ಕ ಮೆಷಿನ್ನಿನ ಅಂಚು ಹಿಡಿದು ಕೂತು ಏಳುತ್ತಿದ್ದಳು. ಹನ್ನೆರಡಕ್ಕೆ ಬಂದಾಗ ನಿಂತು, ಎದೆ ಮೇಲೆ ಕೈ ಇಟ್ಟುಕೊಂಡು, "ಒಳಗೆ ಏನೋ ಪಟಪಟ ಅನ್ನತ್ತೆ ಕಣೇ ಪುಟ್ಟಿ, ಹಕ್ಕಿ ಹೊಕ್ಕ ಹಾಗೆ" ಎಂದಳು.

"ನೆಪ ಹೇಳ್ಬೇಡ. ಜಿಮ್ಮಿಗೆ ಬರೋ ಹೆಂಗಸ್ರೆಲ್ಲ ಮೊದಲು ಇದೇ ರಾಗ ಎಳೀತಾರೆ. ಇನ್ನೂ ಮೂರು ಬಾಕಿ."

ಅವಳು ಮೂರೂ ಮಾಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು ನನ್ನನ್ನು ನೋಡಿ ನಕ್ಕಳು. "ನಿಂಗೆ ಮಗ್ಗಿ ಕಲಿಸುವಾಗ ನಾನೂ ಹೀಗೇ ಗೋಳು ಹುಯ್ಕೊಂಡಿದ್ದೆ ಅಲ್ವಾ? ತೀರಿಸ್ಕೊಳ್ತಾ ಇದೀಯ" ಎಂದಳು. ಆ ನಗು ನೆನಪಾದರೆ ಈಗಲೂ ನನ್ನ ಕೈ ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಆರನೇ ವಾರದ ಹೊತ್ತಿಗೆ ಮೂರು ಸಲ ಎಣಿಸುವುದನ್ನು ಬಿಟ್ಟೆ. ಒಂದು ಸಲ ಕೈ ಹಿಡಿದು, ಎಪ್ಪತ್ತೆರಡು ಬರೆದು, ಜಿಮ್ಮಿಗೆ ಓಡುತ್ತಿದ್ದೆ. ಒಂದೊಂದು ದಿನ ಎಪ್ಪತ್ತು ಅಥವಾ ಎಪ್ಪತ್ನಾಲ್ಕು ಎಂದು ಬರೆಯುತ್ತಿದ್ದೆ, ನೋಡುವವರಿಗೆ ಸಹಜವಾಗಿ ಕಾಣಲಿ ಎಂದು. ಐವತ್ತೊಂದನೇ ದಿನ ಏಳುವುದೇ ತಡವಾಗಿತ್ತು. ಕೆಳಗಿಳಿಯುವಾಗ ಮೆಟ್ಟಿಲ ಮೇಲೇ ನಿಂತು ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಎಪ್ಪತ್ತೆರಡು ಎಂದು ಬರೆದೆ. ಅಕ್ಕನ ಕೋಣೆಗೆ ಹೋಗಲೇ ಇಲ್ಲ. "ಪುಟ್ಟಿ, ಕೈ ನೋಡಲ್ವಾ?" ಎಂದು ಒಳಗಿಂದ ಕೇಳಿದಳು. "ನಾಳೆ ಎರಡು ಸಲ ನೋಡ್ತೀನಿ" ಎಂದು ಚಪ್ಪಲಿ ಮೆಟ್ಟಿದೆ.

ಹನ್ನೊಂದು ಗಂಟೆಗೆ ಯೂನಿಫಾರ್ಮ್ ಒಯ್ಯಲು ಬಂದ ಗಿರಾಕಿಯೊಬ್ಬರು ನೋಡಿದಾಗ ಅಕ್ಕ ಮೆಷಿನ್ನಿನ ಮೇಲೆ ತಲೆ ಇಟ್ಟು ಒರಗಿದ್ದಳಂತೆ. ಬಾಯಿಯ ಒಂದು ಬದಿ ಜೋತುಬಿದ್ದಿತ್ತಂತೆ. ನಾನು ಆಸ್ಪತ್ರೆಗೆ ಹೋದಾಗ ಅವಳ ಕಣ್ಣು ಮುಚ್ಚಿತ್ತು. ಮೂರು ದಿನ ಹಾಗೇ ಇದ್ದು ಹೋಗಿಬಿಟ್ಟಳು.

ಆಸ್ಪತ್ರೆಯ ಎರಡನೇ ದಿನ ಡಾಕ್ಟರು ಭಾವನನ್ನೂ ನನ್ನನ್ನೂ ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. "ಇವರ ಎದೆಬಡಿತ ತಾಳ ತಪ್ಪಿದೆ. ಹಾಗಾದಾಗ ಹೃದಯದೊಳಗೆ ರಕ್ತ ಹೆಪ್ಪುಗಟ್ಟತ್ತೆ. ಆ ಹೆಪ್ಪು ಮಿದುಳಿಗೆ ಹೋಗಿದೆ. ಇದು ಬಹಳ ದಿನದಿಂದ ಇದ್ದಿರಬೇಕು. ಯಾರಾದ್ರೂ ಸುಮ್ನೆ ನಾಡಿ ಹಿಡಿದು ನೋಡಿದ್ರೂ ಗೊತ್ತಾಗ್ತಿತ್ತು. ಮಾತ್ರೆ ಕೊಡಬಹುದಿತ್ತು" ಎಂದರು.

"ನೋಡಿದ್ದಾಳೆ ಡಾಕ್ಟ್ರೇ!" ಎಂದರು ಭಾವ. ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನನ್ನ ನಾದಿನಿ ದಿನಾ ಬೆಳಿಗ್ಗೆ ನೋಡಿದ್ದಾಳೆ. ಒಂದು ದಿನಾನೂ ತಪ್ಪಿಸಿಲ್ಲ. ಬರೆದಿಟ್ಟಿದ್ದಾಳೆ." ನನ್ನ ಚೀಲಕ್ಕೆ ಕೈ ಹಾಕಿ ಪುಸ್ತಕ ತೆಗೆದು ಕೊಟ್ಟೇಬಿಟ್ಟರು.

ಡಾಕ್ಟರು ಪುಟ ತಿರುವಿದರು. ಎಪ್ಪತ್ತೆರಡು, ಎಪ್ಪತ್ತೆರಡು, ಎಪ್ಪತ್ತು, ಎಪ್ಪತ್ತೆರಡು. ಹಾಸಿಗೆಯ ಪಕ್ಕದ ಪರದೆಯಲ್ಲಿ ಅಕ್ಕನ ಬಡಿತದ ಗೆರೆ ಹತ್ತಿರ ಹತ್ತಿರ, ದೂರ ದೂರ, ಮನಸ್ಸಿಗೆ ಬಂದ ಹಾಗೆ ಏಳುತ್ತಿತ್ತು. ನಾನು ಅದನ್ನು ಹಿಂದಿನ ದಿನವೇ ಗುರುತು ಹಿಡಿದಿದ್ದೆ. ಅದನ್ನು ಕಣ್ಣಿಂದ ನೋಡಿದ್ದು ಹೊಸದು, ಬೆರಳಿಗೆ ಹಳೆಯದು.

"ಇದು ನೀವೇ ಎಣಿಸಿದ್ದಾ?" ಎಂದು ಕೇಳಿದರು.

"ಹೌದು."

ಅವರು ಪುಸ್ತಕ ಮುಚ್ಚಿ, ಭಾವನಿಗೆ ಕೊಡದೆ ನನ್ನ ಕೈಗೇ ಕೊಟ್ಟರು. ಆಮೇಲೆ ಭಾವನ ಕಡೆ ತಿರುಗಿ, "ಕೆಲವು ಸಲ ಇದ್ದಕ್ಕಿದ್ದ ಹಾಗೆ ಶುರುವಾಗೋದೂ ಉಂಟು" ಎಂದರು. ಆ ಮಾತು ನನಗೆ ಹಾಕಿದ ಭಿಕ್ಷೆ ಎಂದು ಗೊತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡು ಇಸಿದುಕೊಂಡೆ.

ಆ ಮೇಲೆ ಮನೆಗೆ ಬಂದವರಿಗೆಲ್ಲ ಭಾವ ಅದನ್ನೇ ಹೇಳಿದರು. "ಕೊನೇ ದಿನದವರೆಗೂ ಎಪ್ಪತ್ತೆರಡಿತ್ತು. ಇವಳು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ಇದ್ಲು. ನಮ್ಮ ಕೈ ಮೀರಿದ್ದು, ಏನು ಮಾಡೋಕಾಗತ್ತೆ?" ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಪರೀಕ್ಷೆಗೆ ಹೋಗುವುದಿಲ್ಲ ಎಂದಾಗ ಅವರೇ ಬಿಡಲಿಲ್ಲ. "ಅಷ್ಟು ದಿನ ಬೆಳಿಗ್ಗೆ ಎದ್ದು ಕೈ ಚಾಚಿದ್ದಾಳೆ. ಅದು ಸುಮ್ನೆ ಹೋಗ್ಬಾರ್ದು" ಎಂದರು.

ಪರೀಕ್ಷಕರು ಹೊರಗಿನಿಂದ ಬಂದಿದ್ದರು. ಪುಸ್ತಕ ತೆರೆದು, "ಅಚ್ಚುಕಟ್ಟಾಗಿದೆ. ಕೊನೇ ಐದು ದಿನ ಯಾಕಿಲ್ಲ?" ಎಂದರು.

"ಅಕ್ಕ ಹೋಗ್ಬಿಟ್ಲು ಸಾರ್. ಎದೆಬಡಿತ ಸರಿಯಿರ್ಲಿಲ್ಲ. ಇದರಲ್ಲಿ ಬರೆದಿದ್ದೆಲ್ಲ ಸುಳ್ಳು. ಮೂರು ಸಲ ಎಣಿಸಿದ್ರೆ ಮೂರು ಬೇರೆ ಬರ್ತಿತ್ತು. ನಾನು ಎಪ್ಪತ್ತೆರಡು ಅಂತ ಬರ್ಕೊಂಡೆ."

ಅವರು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದರು. ಬಾಗಿಲ ಕಡೆ ನೋಡಿದರು. "ನೋಡಿಮ್ಮ" ಎಂದರು ಮೆಲ್ಲಗೆ. "ಇವತ್ತು ಹತ್ತೊಂಬತ್ತು ಪುಸ್ತಕ ನೋಡಿದೀನಿ. ಎಲ್ಲದರಲ್ಲೂ ಎಪ್ಪತ್ತೆರಡೇ ಇದೆ. ಬರೆದಿದ್ದು ಬರೆದ ಹಾಗೇ ಇರ್ಲಿ, ಬಿಡಿ." ಠಪ್ಪೆಂದು ಸೀಲು ಒತ್ತಿದರು. ಯಾರಾದರೂ ಬೈಯಲಿ ಎಂದೇ ನಾನು ಅಲ್ಲಿಗೆ ಹೋಗಿದ್ದೆ. ಬೈಯಲಿಲ್ಲ. ಪಾಸು ಮಾಡಿದರು.

ಸರ್ಟಿಫಿಕೇಟನ್ನು ನಾನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಭಾವ ಕೇಳಿದ್ದು ಸರ್ಟಿಫಿಕೇಟನ್ನಲ್ಲ. "ಆ ಪುಸ್ತಕ ನನಗೆ ಕೊಡ್ತೀಯಾ?" ಎಂದರು. "ಅವಳ ಫೋಟೋ ಇದೆ, ಬಟ್ಟೆ ಇದೆ. ಆದ್ರೆ ಇದು ಅವಳ ಎದೆಬಡಿತ ಅಲ್ವಾ?"

ಕೊಟ್ಟೆ. ಮತ್ತೇನು ಮಾಡಬಹುದಿತ್ತು? ಮಾರನೇ ಬೆಳಿಗ್ಗೆಯಿಂದ ಆರು ಗಂಟೆಗೆ ಭಾವ ಮೆಷಿನ್ನಿನ ಮುಂದೆ ಅವಳ ಸ್ಟೂಲಿನಲ್ಲಿ ಕೂತು ಪುಸ್ತಕ ತೆರೆಯುತ್ತಿದ್ದರು. ದಿನಕ್ಕೆ ಒಂದೇ ಸಾಲು. "ಇವತ್ತು ಮೊದಲನೇ ದಿನ. ಎಪ್ಪತ್ತೆರಡು." "ಇವತ್ತು ಒಂಬತ್ತನೇ ದಿನ. ಎಪ್ಪತ್ತು. ಅವತ್ತು ಸ್ವಲ್ಪ ನಿಧಾನ, ನಾವು ನಗಾಡಿದ್ವಿ, ನೆನಪಿದ್ಯಾ?" ಆ ಅಂಕಿಯ ಮೇಲೆ ಒಂದು ಬೆರಳಿಟ್ಟು ಸುಮ್ಮನೆ ಕೂರುತ್ತಿದ್ದರು, ಆಮೇಲೆ ಬಸ್ಸಿಗೆ ಹೋಗುತ್ತಿದ್ದರು. ಅವಳಿಂದ ಉಳಿದದ್ದು ಅದೊಂದೇ ಎಂದು ಅವರು ನಂಬಿದ್ದರು, ಅದರಲ್ಲಿ ಅವಳದು ಒಂದು ಬಡಿತವೂ ಇರಲಿಲ್ಲ. ನಾನು ದಿನಾ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಐವತ್ತು ದಿನ ಕಳೆದೆ.

ಐವತ್ತೊಂದನೇ ಬೆಳಿಗ್ಗೆ ಅವರು ಪುಸ್ತಕದಿಂದ ತಲೆಯೆತ್ತಿದರು. ಕಣ್ಣು ತುಂಬಿತ್ತು. "ಇವತ್ತಿಗೆ ಮುಗೀತು. ಆ ದಿನ ನಾನು ಅವಳ ಮುಖಾನೂ ಸರಿಯಾಗಿ ನೋಡ್ದೆ ಬಸ್ಸಿಗೆ ಓಡಿದ್ದೆ. ಕೊನೇ ಸಲ ಅವಳ ಕೈ ಹಿಡ್ಕೊಂಡಿದ್ದು ನೀನು. ಅದೊಂದೇ ನಂಗೆ ಸಮಾಧಾನ ಪುಟ್ಟಿ."

ನನಗೆ ತಡೆಯಲಾಗಲಿಲ್ಲ. ಎಲ್ಲಾ ಹೇಳಿದೆ. ಹದಿನೇಳು, ಇಪ್ಪತ್ತಮೂರು, ಹದಿನಾಲ್ಕು. ಏಳು ಪ್ರಶ್ನೆಗೆ ಎಳೆದ ಗೆರೆ. ಹಕ್ಕಿ ಹೊಕ್ಕ ಹಾಗೆ ಎಂದದ್ದು. ಮೆಟ್ಟಿಲ ಮೇಲೆ ಬರೆದದ್ದು. ಅವಳು ಒಳಗಿಂದ ಕೈ ನೋಡಲ್ವಾ ಎಂದು ಕೇಳಿದ್ದು. ಭಾವ ಕೇಳಿಸಿಕೊಂಡರು. ಪುಸ್ತಕ ಮುಚ್ಚಿ ಮೆಷಿನ್ನಿನ ಮೇಲಿಟ್ಟರು, ಲೋಟ ತೊಳೆದಿಟ್ಟರು, ಬಸ್ಸಿನ ಕೀ ತೆಗೆದುಕೊಂಡು ಹೊರಟುಹೋದರು.

ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ನಾನು ಮಾಡಿಟ್ಟದ್ದನ್ನು ಊಟ ಮಾಡಿದರು, ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ಹೆಂಗಸರ ಬ್ಯಾಚು ನನಗೆ ಬಂದಿತ್ತು. ಏಳು ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ಪ್ರತಿ ಉತ್ತರಕ್ಕೂ ಕಾದೆ. ಹದಿನೈದು ಸೆಕೆಂಡಲ್ಲ, ಪೂರ್ತಿ ಒಂದು ನಿಮಿಷ ನಾಡಿ ಹಿಡಿದೆ. "ಏನ್ರೀ ಟವೆಲಕ್ಕ, ಕೈ ವಾಪಸ್ ಕೊಡ್ತೀರೋ ಇಲ್ವೋ?" ಎಂದು ಹೆಂಗಸರು ನಕ್ಕರು. ವಾರದಲ್ಲಿ ಮೂವರನ್ನು ಡಾಕ್ಟರ ಹತ್ತಿರ ಕಳಿಸಿದೆ. ಮ್ಯಾನೇಜರ್ ಮೇಡಂ ಮುಖ ಗಂಟು ಹಾಕಿಕೊಂಡರು. ಹಾಕಿಕೊಳ್ಳಲಿ.

ಐದನೇ ದಿನ ಸಂಜೆ ಮನೆಗೆ ಬಂದಾಗ ಭಾವ ಅವಳ ಸ್ಟೂಲಿನಲ್ಲಿ ಕೂತಿದ್ದರು. ಅಂಗಿಯ ತೋಳು ಮಡಚಿ, ಮೆಷಿನ್ನಿನ ಮೇಲೆ ಕೈ ಅಂಗಾತ ಚಾಚಿಕೊಂಡಿದ್ದರು.

"ನಿಜವಾದದ್ದು ಹೇಗಿತ್ತು?" ಎಂದು ಕೇಳಿದರು.

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ತಟ್ಟಿದೆ. ಎರಡು ಬಡಿತ. ತಡೆದೆ. ಅವಸರದಲ್ಲಿ ಮೂರು. ಮತ್ತೆ ತಡೆದೆ, ಈ ಸಲ ಇನ್ನೂ ಹೆಚ್ಚು ಹೊತ್ತು. ಒಂದು, ಕೇಳಿಯೂ ಕೇಳದ ಹಾಗೆ. ಆಮೇಲೆ ಎರಡು. ಎಣಿಸಲು ಬಾರದ ನನ್ನ ಬೆರಳುಗಳಿಗೆ ಅದೆಲ್ಲ ನೆನಪಿತ್ತು.

ಭಾವ ಕಣ್ಣು ಮುಚ್ಚಿಕೊಂಡಿದ್ದರು. "ಇದು ನಂಗೊತ್ತು" ಎಂದರು.

ನಾನು ತಟ್ಟುವುದನ್ನು ನಿಲ್ಲಿಸಿದೆ.

"ಮಲಗಿದಾಗ ಅವಳ ಬೆನ್ನಿಗೆ ಕಿವಿ ತಾಗಿದ್ರೆ ಕೇಳಿಸ್ತಿತ್ತು. ಎರಡು ಮೂರು ವರ್ಷದಿಂದ. ಅವಳ ಎದೆ ಹಾಗೇ ಬಡಿಯೋದು, ಅವಳ ಥರಾನೇ ಅದೂ ಗಡಿಬಿಡಿ ಅಂದ್ಕೊಂಡಿದ್ದೆ. ಕೇಳ್ತಾ ಕೇಳ್ತಾ ನಿದ್ದೆ ಬಂದುಬಿಡ್ತಿತ್ತು."

ಅವರ ಕೈ ಹಾಗೇ ಮೆಷಿನ್ನಿನ ಮೇಲಿತ್ತು. ನನ್ನ ಬೆರಳ ಕೆಳಗೆ ಅವರದೇ ನಾಡಿ ಒಂದೇ ಸಮ ಬಡಿಯುತ್ತಿತ್ತು.

"ನಿಲ್ಲಿಸ್ಬೇಡ" ಎಂದರು. ನಾನು ಮತ್ತೆ ಮೊದಲಿಂದ ಶುರು ಮಾಡಿದೆ.